ಚಳಿಗಾಲದಲ್ಲಿ ಕೆಳಗಿಳಿಯುವ ಊರು: ಅಓಸ್ ನದಿಯ ಜೊತೆ ಏಳು ದಿನ

ಮೊದಲನೇ ದಿನ

ವೊವೂಸಕ್ಕೆ ಹೋಗುತ್ತೇವೆ ಎಂದಾಗ ಬಾಡಿಗೆ ಕಾರಿನ ಹುಡುಗ ಒಮ್ಮೆ ನಮ್ಮ ಮುಖ ನೋಡಿದ, ಒಮ್ಮೆ ಕಾರಿನ ಟೈರು ನೋಡಿದ. "ಪೆಟ್ರೋಲು ಇಲ್ಲೇ ಪೂರ್ತಿ ತುಂಬಿಸಿಕೊಳ್ಳಿ" ಎಂದಷ್ಟೇ ಹೇಳಿ ಕೀಲಿಕೈ ಕೊಟ್ಟ.

ಸೆಪ್ಟೆಂಬರ್ ಕೊನೆಯ ವಾರ. ಸ್ಟುಟ್‌ಗಾರ್ಟ್‌ನಲ್ಲಿ ಕೆಲಸಕ್ಕಿರುವ ನಮ್ಮಿಬ್ಬರಿಗೂ ಒಟ್ಟಿಗೆ ರಜೆ ಸಿಗುವುದೇ ಅಪರೂಪ. ಗ್ರೀಸ್ ಎಂದ ಕೂಡಲೇ ನಾನು ದ್ವೀಪಗಳ ಪಟ್ಟಿ ತೆಗೆದೆ. "ಸುರತ್ಕಲ್‌ನಲ್ಲಿ ಹುಟ್ಟಿ ಕಡಲು ನೋಡಲಿಕ್ಕೆ ವಿಮಾನ ಹತ್ತುವುದಾ ಮಾರಾಯ್ರೆ? ಹೊಳೆ ಇರುವ ಊರು ಯಾವುದಾದರೂ ನೋಡಿ" ಎಂದಳು ಹೆಂಡತಿ. ಹಾಗೆ ಹುಡುಕಿದಾಗ ಸಿಕ್ಕಿದ್ದು ಅಓಸ್ ನದಿ, ಅದು ನಟ್ಟನಡುವೆ ಹರಿಯುವ ವೊವೂಸ ಎಂಬ ಬೆಟ್ಟದ ಹಳ್ಳಿ.

ಇದು ಗ್ರೀಸಿನ ವಾಯವ್ಯ ಮೂಲೆ, ಎಪಿರಸ್ ಪ್ರಾಂತ. ಯೊಆನಿನ ಇದರ ಮುಖ್ಯ ಪಟ್ಟಣ. ಸರೋವರ, ಅದರೊಳಗೊಂದು ದ್ವೀಪ, ದಂಡೆಯಲ್ಲಿ ಕೋಟೆ, ಕೋಟೆಯೊಳಗೆ ಮಸೀದಿ. ಆಟೊಮನ್ ಸುಲ್ತಾನನಿಗೇ ಸೆಡ್ಡು ಹೊಡೆದ ಅಲಿ ಪಾಶಾನನ್ನು 1822ರಲ್ಲಿ ಕೊಂದದ್ದು ಆ ದ್ವೀಪದಲ್ಲಿ. ಕೋಟೆಯೊಳಗೆ ಹಳೆಯದೊಂದು ಯಹೂದಿ ಪ್ರಾರ್ಥನಾ ಮಂದಿರವೂ ಇದೆ. ಇಲ್ಲಿನ ಯಹೂದಿಗಳು ರೋಮಾನಿಯೋಟ್ ಪಂಗಡದವರು, ಶತಮಾನಗಳಿಂದ ಗ್ರೀಕ್ ಮಾತಾಡಿಕೊಂಡು ಬಂದವರು. 1944ರ ಮಾರ್ಚ್ 25ರಂದು ನಾತ್ಸಿಗಳು ಅವರನ್ನೆಲ್ಲ ಲಾರಿಗಳಿಗೆ ತುಂಬಿದರು. ಆ ಲಾರಿಗಳು ದಾಟಿದ್ದು ನಾವು ಹೊರಟಿದ್ದ ದಿಕ್ಕಿನ ಇದೇ ಪಿಂಡಸ್ ಬೆಟ್ಟಸಾಲನ್ನು.

ಈಗ ಬೆಟ್ಟ ಹತ್ತುವುದು ಬೇಕಿಲ್ಲ, ಎಗ್ನಾಟಿಯ ಹೆದ್ದಾರಿ ಸುರಂಗದಿಂದ ಸುರಂಗಕ್ಕೆ ನುಗ್ಗುತ್ತದೆ. ಗಂಟೆಯೊಳಗೆ ಮೆಟ್ಸೊವೊ ತಲುಪಿ ಅಲ್ಲೇ ಉಳಿದೆವು. ಹೊಗೆ ಹಾಕಿದ ಗಿಣ್ಣು, ಕಲ್ಲುಹಾಸಿನ ಬೀದಿ, ಪ್ರವಾಸಿ ಬಸ್ಸುಗಳು. ಅಥೆನ್ಸಿನಲ್ಲಿ 1896ರ ಒಲಿಂಪಿಕ್ಸ್‌ಗಾಗಿ ಅಮೃತಶಿಲೆಯ ಕ್ರೀಡಾಂಗಣಕ್ಕೆ ಹಣ ಸುರಿದ ಗ್ಯೋರ್ಗಿಯೋಸ್ ಅವೆರೊಫ್ ಇಲ್ಲಿಂದ ಈಜಿಪ್ಟಿಗೆ ಹೋಗಿ ದುಡಿದವನು. ಮೆಟ್ಸೊವೊ ದುಡ್ಡು ಕಂಡ ಊರು. ಗ್ರೀಸಿನಲ್ಲಿ ತಮ್ಮದೇ ಭಾಷೆಯಿರುವ ಬೆಟ್ಟದ ವ್ಲಾಖ್ ಜನ ಎಂದರೆ ಎಲ್ಲರೂ ಮೊದಲು ಬೆರಳು ತೋರುವುದು ಈ ಕಡೆಗೇ. ಆದರೆ ನಮಗೆ ಬೇಕಿದ್ದ ಹಳ್ಳಿ ಇನ್ನೂ ಒಳಗಿತ್ತು.

ಎರಡನೇ ದಿನ

ಬೆಳಿಗ್ಗೆ ನದಿಯ ಹುಟ್ಟು ನೋಡಲು ಹೋದೆವು. ಹುಟ್ಟು ಕಾಣಲಿಲ್ಲ, ಕಂಡದ್ದು ಒಂದು ಅಣೆಕಟ್ಟು.

ಸುಮಾರು 1,350 ಮೀಟರ್ ಎತ್ತರದಲ್ಲಿ, ಪೈನ್ ಕಾಡಿನ ನಡುವೆ, ಕೈಬೆರಳುಗಳಂತೆ ಚಾಚಿಕೊಂಡ ಜಲಾಶಯ. ಎಷ್ಟು ಚೆಂದವೆಂದರೆ ಇದನ್ನು ಮನುಷ್ಯರು ಮಾಡಿದ್ದು ಎಂದರೆ ನಂಬುವುದು ಕಷ್ಟ. ದಂಡೆಯಲ್ಲಿ ಹಸುಗಳು ಮೇಯುತ್ತಿದ್ದವು. ಅಓಸ್‌ನ ತಲೆನೀರನ್ನು ಇಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ಆದರೆ ಈ ನೀರು ಅಓಸ್‌ಗೆ ಮರಳುವುದಿಲ್ಲ. ಸುರಂಗದಲ್ಲಿ ಬೆಟ್ಟ ದಾಟಿ ದಕ್ಷಿಣದ ಕಣಿವೆಗೆ ಧುಮುಕಿ ವಿದ್ಯುತ್ತಾಗುತ್ತದೆ, ಆಮೇಲೆ ಅರಾಖ್ತೋಸ್ ಎಂಬ ಬೇರೆಯೇ ನದಿ ಸೇರುತ್ತದೆ. ಅರಾಖ್ತೋಸ್ ಹೋಗುವುದು ದಕ್ಷಿಣದ ಆಂಬ್ರೇಶಿಯನ್ ಕೊಲ್ಲಿಗೆ, ಅಲ್ಲಿಂದ ಅಯೋನಿಯನ್ ಕಡಲಿಗೆ. ಅಓಸ್ ಹೋಗಬೇಕಾದದ್ದು ಉತ್ತರಕ್ಕೆ, ಅಲ್ಬೇನಿಯ ದಾಟಿ ಆಡ್ರಿಯಾಟಿಕ್‌ಗೆ. ಒಂದೇ ಬೆಟ್ಟದ ಮಳೆ, ಅದರಲ್ಲಿ ಇಷ್ಟು ಭಾಗಕ್ಕೆ ಮಾತ್ರ ಬೇರೆ ಕಡಲು. ನೇತ್ರಾವತಿಯ ನೀರು ತಿರುಗಿಸುವ ಜಗಳ ಕೇಳುತ್ತಲೇ ದೊಡ್ಡವರಾದ ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು.

ಅಣೆಕಟ್ಟಿನ ಕೆಳಗೂ ನದಿ ಸಾಯುವುದಿಲ್ಲ ಎಂಬುದೇ ದೊಡ್ಡ ಸಮಾಧಾನ. ಅಕ್ಕಪಕ್ಕದ ಕಣಿವೆಗಳ ತೊರೆಗಳು ಕೂಡಿ ಮತ್ತೆ ಅದನ್ನು ನದಿ ಮಾಡುತ್ತವೆ. ಅಂದರೆ ವೊವೂಸದಲ್ಲಿ ಹರಿಯುವ ಅಓಸ್ ಬಹುಮಟ್ಟಿಗೆ ಈ ತೊರೆಗಳ ಸಾಲ. ಈ ತೊರೆಗಳ ಮೇಲೂ ಸಣ್ಣ ವಿದ್ಯುತ್ ಯೋಜನೆ ಬರುತ್ತದೆಂದರೆ ಊರಿನವರು ಯಾಕೆ ಎದ್ದು ನಿಲ್ಲುತ್ತಾರೆ ಎಂದು ಕೇಳಬೇಕಾದ್ದೇ ಇಲ್ಲ.

ಹೆದ್ದಾರಿ ಬಿಟ್ಟ ಮೇಲೆ ರಸ್ತೆ ಎಂಬುದು ಬರೀ ತಿರುವು. ಚಾರ್ಮಾಡಿ ಘಾಟಿಯಲ್ಲಿ ಕಾರು ಓಡಿಸಿದ ಅನುಭವ ಇದ್ದದ್ದಕ್ಕೆ ಬದುಕಿದೆ. ಒಂದು ಕಡೆ ಗುಡ್ಡ ಕುಸಿದು ಅರ್ಧ ದಾರಿ ಹೋಗಿತ್ತು. ಯಾರೋ ಎರಡು ಕಲ್ಲಿಟ್ಟು ನಡುವೆ ಕೆಂಪು ಬಟ್ಟೆ ಕಟ್ಟಿದ್ದರು. ಕರಡಿ ದಾಟುತ್ತದೆ ಎಂಬ ಫಲಕ ಎರಡು ಸಲ ಕಂಡಿತು. ಕರಿಪೈನ್ ಮರಗಳ ನೆರಳು ರಸ್ತೆಗೆ ಬಿದ್ದು ಮೂರು ಗಂಟೆಗೇ ಸಂಜೆಯಾದಂತಿತ್ತು. ಕೊನೆಯ ಇಳಿಜಾರಿನಲ್ಲಿ ಕಾರಿನ ಕಿಟಕಿ ಇಳಿಸಿದಾಗ ಮೊದಲು ಬಂದದ್ದು ಸೌದೆ ಹೊಗೆಯ ವಾಸನೆ, ಆಮೇಲೆ ನೀರಿನ ಸದ್ದು.

ಮೂರನೇ ದಿನ

ವೊವೂಸ ಸುಮಾರು 1,000 ಮೀಟರ್ ಎತ್ತರದಲ್ಲಿದೆ. ನದಿಯ ಎರಡೂ ದಂಡೆಯಲ್ಲಿ ಮನೆಗಳು, ನಡುವೆ ಒಂಟಿ ಕಮಾನಿನ ಕಲ್ಲುಸೇತುವೆ. ಸೇತುವೆ 1748ರದ್ದು. ಝಾಗೋರಿ ಸೀಮೆಯ ಶ್ರೀಮಂತ ಅಲೆಕ್ಸಿಸ್ ಮಿಸಿಯೋಸ್ ಹಣ ಕೊಟ್ಟು ಕಟ್ಟಿಸಿದ ಎನ್ನುತ್ತಾರೆ. ನಮ್ಮ ಕಡೆಯ ಸೇತುವೆಯ ಹಾಗೆ ಚಪ್ಪಟೆ ಅಲ್ಲ. ಒಂದು ಕಡೆಯಿಂದ ಗುಡ್ಡ ಹತ್ತಿದಂತೆ ಹತ್ತಿ, ನೆತ್ತಿಯಲ್ಲಿ ಉಸಿರು ಬಿಟ್ಟು, ಆಚೆ ಇಳಿಯಬೇಕು. ಹೇಸರಗತ್ತೆಯ ಮೇಲೆ ಹೇರು ಹಾಕಿಕೊಂಡು ಹೋಗುವವರಿಗೆ ಕಟ್ಟಿದ್ದು. ಈ ಊರಿನ ಗಂಡಸರ ಹಳೆಯ ಕಸುಬುಗಳಲ್ಲಿ ಅದೂ ಒಂದು. ಉಳಿದವು ಮರ ಕೊಯ್ಯುವುದು, ಕುರಿ.

ಕಲ್ಲುಚಪ್ಪಡಿಯ ಮಾಡು ಇರುವ ಮನೆಗಳ ಫೋಟೊ ನೋಡಿ ಬಂದವಳು ಹೆಂಡತಿ. ಝಾಗೋರಿಯ ಹಳ್ಳಿಗಳು ಆ ಮಾಡುಗಳಿಗೇ ಪ್ರಸಿದ್ಧ, ಝಾಗೋರಿ 2023ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಇಲ್ಲಿ ನೋಡಿದರೆ ಹೆಂಚು, ತಗಡು. ಯಾಕೆ ಎಂದು ನಮ್ಮ ಆತಿಥೇಯರನ್ನು ಕೇಳಿದೆ. ಎಪ್ಪತ್ತು ದಾಟಿದ ಮನುಷ್ಯ. ಜರ್ಮನಿ ಮತ್ತು ಗ್ರೀಸ್ ನಡುವೆ 1960ರಲ್ಲಿ ಕೂಲಿಕಾರರ ಒಪ್ಪಂದವಾದ ಮೇಲೆ ಎಪಿರಸ್‌ನಿಂದ ಹೊರಟ ಸಾವಿರಾರು ಜನರಲ್ಲಿ ಅವರ ಅಪ್ಪನೂ ಒಬ್ಬ. ಇವರು ಶಾಲೆ ಕಲಿತದ್ದು, ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದದ್ದು ನಮ್ಮದೇ ಸ್ಟುಟ್‌ಗಾರ್ಟ್ ಪಕ್ಕದಲ್ಲಿ. ಹಾಗಾಗಿ ನಮ್ಮ ಮಾತೆಲ್ಲ ಜರ್ಮನ್ ಭಾಷೆಯಲ್ಲಿ, ಅದೂ ಇಬ್ಬರದ್ದೂ ಸ್ವಾಬಿಯನ್ ರಾಗದ ಜರ್ಮನ್.

ಅವರು ಅದೇ ಭಾಷೆಯಲ್ಲಿ, ದನಿ ಏರಿಸದೆ, "1943ರಲ್ಲಿ ಜರ್ಮನರು ಸುಟ್ಟರು. ಆಮೇಲೆ ಸಿಕ್ಕಿದ್ದರಲ್ಲಿ ಕಟ್ಟಿಕೊಂಡದ್ದು" ಎಂದರು. ಸೇತುವೆ ಮಾತ್ರ ಉಳಿಯಿತು.

ಅದಕ್ಕೂ ಮೂರು ವರ್ಷ ಮೊದಲು ಇಟಲಿಯವರು ಬಂದಿದ್ದರು. 1940ರ ಅಕ್ಟೋಬರ್ 28ಕ್ಕೆ ಅಲ್ಬೇನಿಯದಿಂದ ಒಳನುಗ್ಗಿದ ಮುಸೊಲಿನಿಯ ಜೂಲಿಯ ಪರ್ವತ ದಳ ಮಳೆ, ಕೆಸರಿನಲ್ಲಿ ಬೆಟ್ಟ ದಾಟಿ ನವೆಂಬರ್ 2ಕ್ಕೆ ವೊವೂಸ ಮುಟ್ಟಿತು. ಗುರಿ ಇದ್ದದ್ದು ಮೆಟ್ಸೊವೊದ ಕಣಿವೆದಾರಿ. ಅದು ಕೈಗೆ ಬಂದರೆ ಎಪಿರಸ್ ಉಳಿದ ಗ್ರೀಸಿನಿಂದ ಕಡಿದಂತೆ. ಆದರೆ ಇಟಲಿಯವರ ಓಟ ಇಲ್ಲಿಗೇ ಮುಗಿಯಿತು. ಕೆಲವೇ ದಿನಗಳಲ್ಲಿ ಬಂದ ದಾರಿಯಲ್ಲೇ ವಾಪಸು ಹೋದರು. ಹೇಸರಗತ್ತೆ ಹೋಗದ ಕಡೆ ಗ್ರೀಕ್ ಸೈನಿಕರಿಗೆ ಮದ್ದುಗುಂಡು ಹೊತ್ತವರು ಪಿಂಡಸ್ ಹಳ್ಳಿಗಳ ಹೆಂಗಸರು.

ಮಧ್ಯಾಹ್ನ ಸೇತುವೆ ಬುಡದ ಕಾಫಿ ಅಂಗಡಿಗೆ ಹೋದೆವು. ಗ್ರೀಕ್ ಹಳ್ಳಿಯಲ್ಲಿ ಕಫೆನಿಯೊ ಎಂದರೆ ಕಾಫಿ ಅಂಗಡಿ, ಪಂಚಾಯಿತಿ ಕಟ್ಟೆ, ಅಂಚೆ ಡಬ್ಬಿ ಎಲ್ಲ ಒಂದೇ. ಅಡುಗೆ ಮಾಡುತ್ತಿದ್ದದ್ದು ಒಬ್ಬ ಅಜ್ಜಿ. ಹಿಟ್ಟು ಮತ್ತು ಫೆಟಾ ಗಿಣ್ಣು ಹಾಕಿ ತೆಳ್ಳಗೆ ಬೇಯಿಸುವ ಅಲೆವ್ರೊಪಿಟ ಕೊಟ್ಟರು. ಅಂಚು ಗರಿಗರಿ, ನಡು ಮೆತ್ತಗೆ. ಬೆಟ್ಟದ ಚಹಾ ಎಂದು ಒಂದು ಒಣಗಿದ ಗಿಡವನ್ನು ಕಾಂಡ, ಹೂ ಸಮೇತ ಕುದಿಸಿ ತಂದರು. ನಮ್ಮ ಮನೆಯ ಕಷಾಯಕ್ಕಿಂತ ಸೌಮ್ಯ.

ದುಡ್ಡು ಕೊಟ್ಟೆ. ಗ್ರೀಕ್ ಭಾಷೆಯಲ್ಲಿ ಇಷ್ಟು ಎಂದು ಹೇಳಿದ ಅಜ್ಜಿ ಚಿಲ್ಲರೆ ಎಣಿಸುವಾಗ ಬೇರೆ ಭಾಷೆಗೆ ಇಳಿದರು. ಉನು, ದೋಯಿ, ತ್ರೇಯಿ, ಪಾತ್ರು.

ಹೆಂಡತಿ ನನ್ನ ಮೊಣಕೈ ತಿವಿದಳು. ಅವಳಿಗೆ ಹೊಳೆದದ್ದು ನನಗೂ ಹೊಳೆದಿತ್ತು. ನನ್ನ ಅಮ್ಮ ಅಂಗಡಿಯವನ ಜೊತೆ ಪೂರಾ ಕನ್ನಡದಲ್ಲಿ ವ್ಯಾಪಾರ ಮಾಡಿ, ಚಿಲ್ಲರೆ ಕೈಗೆ ಬಂದ ಕೂಡಲೇ ತುಳುವಿನಲ್ಲಿ ಎಣಿಸುತ್ತಿದ್ದರು: ಒಂಜಿ, ರಡ್ಡ್, ಮೂಜಿ, ನಾಲ್. ಲೆಕ್ಕ ತಪ್ಪಬಾರದು ಎಂದಾಗ ಬಾಯಿಗೆ ಬರುವ ಭಾಷೆಯೇ ಬೇರೆ.

ಅಜ್ಜಿ ಎಣಿಸಿದ್ದು ವ್ಲಾಖ್ ಭಾಷೆ, ವಿದ್ವಾಂಸರು ಅರೊಮೇನಿಯನ್ ಎನ್ನುವುದು ಇದನ್ನೇ. ಈ ಜನ ತಮ್ಮನ್ನು ಅರ್ಮಾನ್ ಎಂದು ಕರೆದುಕೊಳ್ಳುತ್ತಾರೆ. ಸುತ್ತ ಗ್ರೀಕ್ ಇದ್ದರೂ ಇದು ಲ್ಯಾಟಿನ್ ಮೂಲದ್ದು, ರೊಮೇನಿಯನ್‌ಗೆ ಹತ್ತಿರದ ನಂಟು. ರೋಮನ್ ಸಾಮ್ರಾಜ್ಯದ ಕಾಲದ ಆಡುಮಾತಿನ ಲ್ಯಾಟಿನ್ ಬಾಲ್ಕನ್ ಬೆಟ್ಟಗಳಲ್ಲಿ ಹೀಗೆ ಉಳಿದುಕೊಂಡಿತು. ಹಾಲಿಗೆ ಲಾಪ್ತಿ. ಏಳಕ್ಕೆ ಶಾಪ್ತಿ, ನಮ್ಮ ಸಪ್ತದ ದೂರದ ತಂಗಿ. ನೀರಿಗೆ ಆಪ ಎಂದಾಗ ನಾನು ಸಂಸ್ಕೃತದ ಆಪಃ ನೆನೆದು ಹಿಗ್ಗಿದೆ. ಆಮೇಲೆ ತಿಳಿಯಿತು, ಅದು ಲ್ಯಾಟಿನ್ನಿನ ಆಕ್ವಾ ಸವೆದು ಆದ ರೂಪ. ಕೇಳಿದ್ದಕ್ಕೆಲ್ಲ ನಂಟು ಕಟ್ಟುವ ಚಾಳಿ ನಮ್ಮಲ್ಲಿ ಸ್ವಲ್ಪ ಜಾಸ್ತಿಯೇ. ಊರಿಗೂ ಈ ಭಾಷೆಯಲ್ಲಿ ಬೇರೆ ಹೆಸರಿದೆ, ಬಯಾಸ. ವೊವೂಸ ಎಂಬುದು ನಕಾಶೆಯ ಹೆಸರು.

ಶಾಲೆಯಲ್ಲಿ ಈ ಭಾಷೆ ಇಲ್ಲ. ನೂರು ವರ್ಷದ ಹಿಂದೆ ರೊಮೇನಿಯ ಸರ್ಕಾರ ವ್ಲಾಖ್ ಊರುಗಳಲ್ಲಿ ಶಾಲೆ ನಡೆಸಿದಾಗ ಅದು ಭಾಷೆಗಿಂತ ರಾಜಕೀಯವಾಗಿ ಊರೂರು ಒಡೆಯಿತು. ಆ ಗಾಯದಿಂದಲೋ ಏನೋ, "ನೀವು ಗ್ರೀಕರಾ, ವ್ಲಾಖರಾ?" ಎಂಬ ನನ್ನ ಪೆದ್ದು ಪ್ರಶ್ನೆಗೆ ಆತಿಥೇಯರ ಮುಖ ಬಿಗಿಯಿತು. "ಇದೇನು ಪ್ರಶ್ನೆ? ಎರಡೂ" ಎಂದರು. ತುಳುವನಾ ಕನ್ನಡಿಗನಾ ಎಂದು ಯಾರಾದರೂ ಕೇಳಿದರೆ ನನಗೂ ಸಿಟ್ಟು ಬರುತ್ತದೆ. ಕೇಳಬಾರದಿತ್ತು.

ನಾಲ್ಕನೇ ದಿನ

ಊರಿನ ಪೂರ್ವಕ್ಕೆ ವಾಲಿಯ ಕಾಲ್ದ. ವ್ಲಾಖ್ ಭಾಷೆಯಲ್ಲಿ ಬೆಚ್ಚಗಿನ ಕಣಿವೆ ಎಂದರ್ಥ. ಹೆಸರಿಟ್ಟವರು ತಮಾಷೆಯವರಿರಬೇಕು, ಬೆಳಿಗ್ಗೆ ಎಂಟಕ್ಕೆ ಬಾಯಿಂದ ಹೊಗೆ ಬರುತ್ತಿತ್ತು. 1966ರಿಂದ ಇದು ರಾಷ್ಟ್ರೀಯ ಉದ್ಯಾನ. ಕಣಿವೆಯ ತೊರೆಯ ಹೆಸರು ಅರ್ಕುದೊರೆಮ, ಕರಡಿಹಳ್ಳ. ಅದು ಹರಿದು ಬಂದು ಅಓಸ್ ಸೇರುತ್ತದೆ. ಕೆಳಗೆ ಬೀಚ್ ಮತ್ತು ಕರಿಪೈನ್, ಮೇಲೆ ಹೋದಂತೆ ರೊಬೊಲೊ ಎಂಬ ಬಿಳಿತೊಗಟೆಯ ಪೈನ್, ಅದೂ ಗಾಳಿಗೆ ತಿರುಚಿಕೊಂಡು ಬೆಳೆದದ್ದು.

ಕರಡಿ ಸಿಗಲಿಲ್ಲ, ನಾಯಿ ಸಿಕ್ಕವು. ಹುಲ್ಲುಗಾವಲಿನ ಅಂಚಿನಲ್ಲಿ ಕುರಿಮಂದೆ ಕಂಡು ಫೋಟೊಗೆಂದು ನಾಲ್ಕು ಹೆಜ್ಜೆ ಹಾಕಿದ್ದೇ ತಡ, ಕರುವಿನ ಗಾತ್ರದ ಐದು ನಾಯಿಗಳು ಮೂರು ದಿಕ್ಕಿನಿಂದ ಬಂದವು. ಓಡಬಾರದು ಎಂದು ಆತಿಥೇಯರು ಹೇಳಿದ್ದರು. ಕಾಲು ತಾನಾಗಿಯೇ ಓಡದಷ್ಟು ಮರಗಟ್ಟಿತ್ತು, ಹಾಗಾಗಿ ಸಲಹೆ ಪಾಲಿಸಿದಂತಾಯಿತು. ಎಲ್ಲಿಂದಲೋ ಒಂದು ಸಿಳ್ಳೆ. ನಾಯಿಗಳು ಕೂತವು.

ಕುರಿಗಾಹಿ ಅಲ್ಬೇನಿಯದ ಹುಡುಗ. ಮಂದೆ ವೊವೂಸದವರದು. ಇಡೀ ಪಿಂಡಸ್ ಈಗ ಹೀಗೆ, 1990ರ ದಶಕದಿಂದ ಗಡಿಯಾಚೆಯ ಕೈಗಳು ಇಲ್ಲದಿದ್ದರೆ ಎಷ್ಟೋ ಮಂದೆಗಳು ಎಂದೋ ಮಾರಾಟವಾಗುತ್ತಿದ್ದವು. ಅವನು ಬೆರಳೆಣಿಸಿ ತೋರಿಸಿದ: ಇನ್ನು ನಾಲ್ಕು ವಾರ, ಆಮೇಲೆ ಕೆಳಗೆ.

ಈ ಕೆಳಗೆ ಎಂಬುದು ರಾತ್ರಿ ಊಟದ ಹೊತ್ತಿಗೆ ಬಿಡಿಸಿಕೊಂಡಿತು. ಹಳೆಯ ಲೆಕ್ಕದಲ್ಲಿ ವರ್ಷಕ್ಕೆ ಎರಡೇ ದಿನ ಮುಖ್ಯ. ಏಪ್ರಿಲ್ 23, ಸಂತ ಜಾರ್ಜನ ಹಬ್ಬ: ಮಂದೆ ಬಯಲಿನಿಂದ ಬೆಟ್ಟಕ್ಕೆ. ಅಕ್ಟೋಬರ್ 26, ಸಂತ ದಿಮಿತ್ರಿಯ ಹಬ್ಬ: ಬೆಟ್ಟದಿಂದ ಥೆಸ್ಸಲಿಯ ಬಯಲಿಗೆ. ಕುರಿ ಮಾತ್ರ ಅಲ್ಲ, ಹೆಂಗಸರು, ಮಕ್ಕಳು, ಕೋಳಿ, ಮಗ್ಗ ಎಲ್ಲ. ದಾರಿಯಲ್ಲಿ ದಿನಗಟ್ಟಲೆ ಬಿಡಾರ. ಈಗ ಹೆಚ್ಚಿನವರು ಲಾರಿಯಲ್ಲಿ ಸಾಗಿಸುತ್ತಾರೆ, ಕೆಲವರು ಮಾತ್ರ ನಡೆಸುತ್ತಾರೆ. ಯುನೆಸ್ಕೊ 2019ರಲ್ಲಿ ಗ್ರೀಸ್, ಇಟಲಿ, ಆಸ್ಟ್ರಿಯಗಳ ಈ ಮಂದೆನಡಿಗೆಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರುವ ಹೊತ್ತಿಗೆ ನಡೆಯುವವರು ಕಮ್ಮಿಯಾಗಿರುತ್ತಾರೆ, ಎಲ್ಲ ಕಡೆಯ ಕಥೆಯೂ ಅಷ್ಟೇ.

ಕುರಿ ಇಲ್ಲದವರೂ ಇಳಿಯುತ್ತಾರೆ. ಹಿಮ ಬಿದ್ದರೆ ರಸ್ತೆ ಮುಚ್ಚುತ್ತದೆ, ಆಸ್ಪತ್ರೆ ದೂರ. ನಮ್ಮ ಆತಿಥೇಯರೂ ಚಳಿಗಾಲ ಕಳೆಯುವುದು ಲಾರಿಸ ಪಟ್ಟಣದ ಮಗಳ ಮನೆಯಲ್ಲಿ. ಆಗ ಇಲ್ಲಿ ಹೊಗೆ ಕಾಣುವ ಮನೆಗಳನ್ನು ಎರಡು ಕೈ ಬೆರಳಲ್ಲಿ ಎಣಿಸಬಹುದಂತೆ. ಹಾಗಾದರೆ ನಿಮ್ಮ ಊರು ಯಾವುದು ಎಂದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಊರು ಅಂದರೆ ಇದೇ. ಆದರೆ ಇದಕ್ಕೆ ಎರಡು ಜಾಗ. ಬೆಟ್ಟದಲ್ಲಿ ಪಕ್ಕದ ಮನೆಯವರಾದವರು ಬಯಲಲ್ಲೂ ಪಕ್ಕದ ಬೀದಿಯವರು. ಮದುವೆ ಮಾತುಕತೆ ಕೆಳಗೆ, ಮದುವೆ ಮೇಲೆ.

ಇನ್ನೊಂದು ವಿಷಯದಲ್ಲಿ ನನ್ನನ್ನು ತಿದ್ದಿದರು. ಬೆಟ್ಟದ ಕುರಿಗಾರರೆಲ್ಲ ವ್ಲಾಖರಲ್ಲ. ಸರಕತ್ಸಾನಿ ಎಂಬ ಇನ್ನೊಂದು ಜನ ಇದ್ದಾರೆ. ಅವರೂ ಹೀಗೇ ಹತ್ತಿ ಇಳಿದವರು, ಆದರೆ ಮಾತು ಗ್ರೀಕ್, ಊರೇ ಇರಲಿಲ್ಲ. ಹೋದಲ್ಲಿ ಹುಲ್ಲು, ಕೊಂಬೆಗಳ ದುಂಡು ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ಈಗ ನೆಲೆ ನಿಂತಿದ್ದಾರೆ, ಆಗಸ್ಟ್ ಮೊದಲ ವಾರ ಝಾಗೋರಿಯ ಗಿಫ್ತೊಕಾಂಬೋಸ್ ಬಯಲಲ್ಲಿ ಸೇರಿ ಕುಣಿಯುತ್ತಾರೆ. ಪಟ್ಟಣದವರಿಗೆ ಈ ವ್ಯತ್ಯಾಸ ಬೇಡ. ಗ್ರೀಕ್‌ನಲ್ಲಿ ವ್ಲಾಖೋಸ್ ಎಂದರೆ ಹಳ್ಳಿಗಮಾರ ಎಂಬ ಬೈಗುಳವೂ ಹೌದು. "ಅಥೆನ್ಸಿನಲ್ಲಿ ಯಾರಾದರೂ ಹಾಗೆ ಬೈದರೆ ನಾನು ಥ್ಯಾಂಕ್ಸ್ ಹೇಳುತ್ತೇನೆ" ಎಂದು ನಕ್ಕು, ಸಿಪುರೊ ಎಂಬ ಬೆಂಕಿನೀರನ್ನು ಇನ್ನೊಂದು ಸಣ್ಣ ಲೋಟಕ್ಕೆ ಬಗ್ಗಿಸಿದರು.

ಐದನೇ ದಿನ

ಮಳೆ. ಕೊನಿಟ್ಸಕ್ಕೆ ದಿಸ್ತ್ರಾತೊ ಮೂಲಕ ಹೊರಟು, ಗ್ರೀಸಿನ ಎರಡನೇ ಎತ್ತರದ ಬೆಟ್ಟವಾದ 2,637 ಮೀಟರಿನ ಸ್ಮೋಲಿಕಸ್‌ನ ಬುಡದಲ್ಲೇ ಹಾದರೂ ಅದರ ಒಂದು ಕಲ್ಲೂ ಕಾಣಲಿಲ್ಲ. ಇಡೀ ದಿನ ವೈಪರ್ ನೋಡಿದ್ದೇ ಬಂತು.

ಆರನೇ ದಿನ

ಅಓಸ್ ಕಮರಿಯಿಂದ ಹೊರಬಿದ್ದು ಮೊದಲ ಸಲ ಕೈಕಾಲು ಚಾಚುವ ಜಾಗ ಕೊನಿಟ್ಸ. ಕಮರಿಯ ಬಾಯಿಗೆ ಸರಿಯಾಗಿ ಇನ್ನೊಂದು ಒಂಟಿ ಕಮಾನು, ಸುಮಾರು 20 ಮೀಟರ್ ಎತ್ತರದ್ದು. 1870ರ ಸುಮಾರಿಗೆ ಕಟ್ಟಿದ್ದು. ಕಟ್ಟಿದ ಮೇಸ್ತ್ರಿ ಝಿಯೋಗಸ್ ಫ್ರೊಂಟ್ಸೋಸ್, ಹತ್ತಿರದ ಪಿರ್ಸೊಯಾನ್ನಿಯವನು. ಆ ಸುತ್ತಲಿನ ಊರುಗಳಿಗೆ ಮಸ್ತೊರೊಖೋರಿಯ ಎಂದೇ ಹೆಸರು, ಅಂದರೆ ಮೇಸ್ತ್ರಿಗಳ ಹಳ್ಳಿಗಳು. ಇಲ್ಲಿಯವರೂ ಅಲೆದವರೇ, ಆದರೆ ಕುರಿಗಾರರಿಗೆ ಉಲ್ಟಾ: ಬೇಸಿಗೆಯಲ್ಲಿ ಗುಂಪು ಕಟ್ಟಿಕೊಂಡು ದೂರದೂರಿಗೆ ಹೋಗಿ ಮನೆ, ಸೇತುವೆ, ಚರ್ಚು ಕಟ್ಟಿ, ಚಳಿಗಾಲಕ್ಕೆ ಮನೆಗೆ. ತಮ್ಮತಮ್ಮಲ್ಲೇ ಆಡಿಕೊಳ್ಳಲು ಒಂದು ಗುಟ್ಟಿನ ಭಾಷೆಯೂ ಇತ್ತು. ಮನೆಯ ಯಜಮಾನ ಎದುರಿಗೇ ನಿಂತಿದ್ದರೂ ಅವನ ಊಟ ಚೆನ್ನಾಗಿಲ್ಲ ಎಂದು ಹೇಳಿಕೊಳ್ಳಬಹುದಿತ್ತು.

ಕಮಾನಿನ ಹೊಟ್ಟೆಗೆ ಒಂದು ಪುಟ್ಟ ಗಂಟೆ ನೇತುಹಾಕಿದ್ದಾರೆ. ಕಮರಿಯಿಂದ ಗಾಳಿ ಜೋರಾಗಿ ಬಂದರೆ ಅದು ಬಾರಿಸುತ್ತದೆ. ಬಾರಿಸಿದರೆ ಸೇತುವೆ ಹತ್ತಬೇಡ ಎಂದರ್ಥ. ನಾವು ಹತ್ತಿದಾಗ ಸುಮ್ಮನಿತ್ತು. ಹೆಂಡತಿ ನೆತ್ತಿಯವರೆಗೆ ಹೋಗಿ, ಕೆಳಗೆ ನೋಡಿ, ಕೂತುಕೊಂಡೇ ಇಳಿದಳು.

ಈ ಊರಿನ ಜನ ಒಮ್ಮೆ ಅದಲುಬದಲಾದವರು. 1913ರವರೆಗೆ ಇದು ಆಟೊಮನ್ ಆಡಳಿತದ ಪೇಟೆ. ಮುಸ್ಲಿಮರೂ ಕ್ರೈಸ್ತರೂ ಇದ್ದರು. ಅಲಿ ಪಾಶಾನ ತಾಯಿ ಹಾಂಕೊ ಇಲ್ಲಿಯವಳು. ಸೇತುವೆಯಿಂದ ದೂರವೇನಲ್ಲದ ಕಡೆ ಹಳೆಯ ಮಸೀದಿಯ ಅವಶೇಷ ಇನ್ನೂ ನಿಂತಿದೆ. 1923ರ ಲೊಸಾನ್ ಒಪ್ಪಂದದಲ್ಲಿ ಗ್ರೀಸ್ ಮತ್ತು ಟರ್ಕಿ ಜನರನ್ನೇ ವಿನಿಮಯ ಮಾಡಿಕೊಂಡವು, ಧರ್ಮ ನೋಡಿ. ಇಲ್ಲಿಂದ ಮುಸ್ಲಿಮರು ಹೊರಟರು. ಅನತೋಲಿಯದ ಕಪ್ಪಡೋಕಿಯದಿಂದ ಕ್ರೈಸ್ತರು ಬಂದರು. ಹಾಗೆ ಬಂದವರಲ್ಲಿ 1924ರಲ್ಲಿ ಫಾರಸ ಎಂಬಲ್ಲಿ ಹುಟ್ಟಿದ ಹಸುಗೂಸೊಂದಿತ್ತು. ಕೊನಿಟ್ಸದಲ್ಲಿ ಬೆಳೆದು ಬಡಗಿಯಾಗಿ, ಆಮೇಲೆ ಸನ್ಯಾಸಿಯಾಗಿ, ಕಮರಿಯೊಳಗಿನ ಸ್ತೋಮಿಯೊ ಮಠದಲ್ಲಿ ಕೆಲವು ವರ್ಷ ಇದ್ದ ಆತನೇ ಪೈಸಿಯೋಸ್. 2015ರಲ್ಲಿ ಸಂತನೆಂದು ಘೋಷಿಸಿದರು. ಊರಲ್ಲಿ ಯಾವ ಅಂಗಡಿಗೆ ಹೋದರೂ ಗಡ್ಡದ ಆ ನಗುಮುಖದ ಚಿತ್ರ.

ಸಂಜೆ ಚೌಕದಲ್ಲಿ ಯಾರದೋ ಮನೆಯ ನಾಮಕರಣದ ಊಟ. ಕ್ಲಾರಿನೆಟ್ ನುಡಿಸುತ್ತಿದ್ದವರು ರೋಮಾ ಸಮುದಾಯದವರು. ಎಪಿರಸ್‌ನಲ್ಲಿ ಸಂತೋಷಕ್ಕೂ ಸಾವಿಗೂ ವಾದ್ಯ ಹಿಡಿಯುವವರು ಬಹುಪಾಲು ಅವರೇ. ಊಟ ನಾಮಕರಣದ್ದು, ಆದರೂ ಮೊದಲು ನುಡಿಸಿದ್ದು ಮಿರೊಲೋಯಿ, ಅಂದರೆ ಶೋಕಗೀತೆ. ಸತ್ತವರಿಗೆ ಮೊದಲ ಪಾಲು ಕೊಟ್ಟು ಆಮೇಲೆ ಕುಣಿತ. ಉಸಿರು ಜಾರಿಸಿ ಜಾರಿಸಿ ಸ್ವರ ಇಳಿಸುವ ಆ ಬಗೆ ಕೇಳಿ, ಇದಕ್ಕೂ ನಮ್ಮ ಯಾವುದೋ ರಾಗಕ್ಕೂ ನಂಟು ಕಟ್ಟಲು ಹೊರಟಿದ್ದೆ. ಆಪದ ಪಾಠ ನೆನಪಾಗಿ ಸುಮ್ಮನಾದೆ.

ಏಳನೇ ದಿನ

ವಾಪಸು ಯೊಆನಿನಕ್ಕೆ ಹೋಗುವ ಮೊದಲು ನದಿಯನ್ನು ಗಡಿಯವರೆಗೆ ಕಳಿಸಿ ಬರೋಣ ಎಂದಳು ಹೆಂಡತಿ. ಕೊನಿಟ್ಸದ ಬಯಲಲ್ಲಿ ವೊಯ್ದೊಮಾತಿಸ್ ನದಿ ಬಂದು ಸೇರುತ್ತದೆ, ಗಾಜಿನಂಥ ತಣ್ಣೀರು. ಇನ್ನೂ ಮುಂದೆ, ಮೆರ್ತ್ಸಾನಿ ಗಡಿಠಾಣೆಯ ಬಳಿ, ಸರಂದಾಪೊರೋಸ್ ಕೂಡುತ್ತದೆ. ಅಲ್ಲಿಂದಾಚೆ ಅಲ್ಬೇನಿಯ. ಅಲ್ಲಿಂದಾಚೆ ಇದು ಅಓಸ್ ಅಲ್ಲ, ವ್ಯೋಸ. ಒಟ್ಟು ಸುಮಾರು 270 ಕಿಲೋಮೀಟರ್ ಹರಿವಿನಲ್ಲಿ ಗ್ರೀಸಿನದು ಸುಮಾರು 80. ಅಲ್ಬೇನಿಯ 2023ರಲ್ಲಿ ತನ್ನ ಪಾಲಿನ ಹರಿವನ್ನೇ ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಿತು; ಅಲ್ಲಿ ಮುಖ್ಯ ನದಿಗೆ ಅಡ್ಡ ಅಣೆಕಟ್ಟಿಲ್ಲ. ತಲೆ ಮಾತ್ರ ಈಚೆ ಕಟ್ಟಿಹಾಕಿಕೊಂಡಿದೆ. ಆಚೆ ಪೆರ್ಮೆತ್ ಕಡೆಯ ಹಳ್ಳಿಗಳಲ್ಲೂ ವ್ಲಾಖರಿದ್ದಾರೆ, ನೀರಿಗೆ ಅವರೂ ಆಪ ಎನ್ನುತ್ತಾರೆ.

ಬಾಡಿಗೆ ಕಾರನ್ನು ಗಡಿ ದಾಟಿಸುವಂತಿರಲಿಲ್ಲ. ಜಲ್ಲಿಗುಪ್ಪೆಗಳ ನಡುವೆ ಮೂರ್ನಾಲ್ಕು ಕವಲಾಗಿ ಹರಡಿಕೊಂಡ ನೀರು ಒಂದು ಗುಡ್ಡದ ಹಿಂದೆ ತಿರುಗುವವರೆಗೆ ಕಾಣುತ್ತಿತ್ತು. ಒಂದು ಲಾರಿ ಠಾಣೆಯಲ್ಲಿ ಕಾಗದ ತೋರಿಸುತ್ತ ನಿಂತಿತ್ತು. ರಸ್ತೆ ಪಕ್ಕದ ಅಂಗಡಿಯಲ್ಲಿ ಎರಡು ಕಾಫಿ ಹೇಳಿದೆ. ಹೆಂಡತಿ ಪರ್ಸಿನ ತಳದಲ್ಲಿದ್ದ ನಾಣ್ಯಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಒಂದೊಂದೇ ಬದಿಗೆ ಸರಿಸುತ್ತ ಎಣಿಸತೊಡಗಿದಳು: ಉನು, ದೋಯಿ, ಮೂಜಿ, ನಾಲ್.